ತಲೆಗೆ ಪೆಟ್ಟು ಬಿದ್ದವನನ್ನೇ ಕೇಳುವುದೇಕೆ?

ಜಾತ್ರೆಯ ಕಬಡ್ಡಿಯಿರಲಿ, ಶಾಲಾ ಕ್ರೀಡಾಕೂಟವಿರಲಿ, ಆಟದ ನಡುವೆ ಹುಡುಗನೊಬ್ಬ ತಲೆಗೆ ಪೆಟ್ಟು ತಿಂದು ಬಿದ್ದಾಗ ನಮ್ಮ ಕಡೆ ನಡೆಯುವುದು ಬಹುತೇಕ ಒಂದೇ ರೀತಿ. ಇಬ್ಬರು ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಾರೆ. ಮುಖಕ್ಕೆ ತಣ್ಣೀರು ಎರಚುತ್ತಾರೆ. ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರೆ, ಇನ್ನೊಬ್ಬರು ಕುತ್ತಿಗೆ ನೀವುತ್ತಾರೆ. ಹುಡುಗ ಕಣ್ಣುಬಿಟ್ಟು ಎದ್ದು ನಿಂತನೆಂದರೆ ಸುತ್ತ ನೆರೆದವರಿಂದ ಚಪ್ಪಾಳೆ, ಸಿಳ್ಳೆ. ಆಗ ತರಬೇತುದಾರ ಹತ್ತಿರ ಬಂದು ಕೇಳುತ್ತಾನೆ: 'ಆಡುತ್ತೀಯೇನಪ್ಪಾ?' ಹುಡುಗ ತಲೆಯಾಡಿಸುತ್ತಾನೆ. ಪಂದ್ಯ ಮುಂದುವರಿಯುತ್ತದೆ.

ಕೇಳಬಾರದವನನ್ನು ಕೇಳಿದ ಪ್ರಶ್ನೆಯಿದು. ಕಾಲು ಉಳುಕಿದವನು ತನ್ನ ನೋವು ಎಷ್ಟೆಂದು ಸರಿಯಾಗಿ ಹೇಳಬಲ್ಲ. ಮಿದುಳಿಗೆ ಆಘಾತವಾದವನು ತನ್ನ ಸ್ಥಿತಿಯನ್ನು ಅಳೆಯಬೇಕಾಗಿರುವುದು ಆಗತಾನೇ ಏಟು ತಿಂದ ಅದೇ ಮಿದುಳಿನಿಂದ. ಅದರ ಜೊತೆಗೆ ಊರಿನ ಮರ್ಯಾದೆಯಿದೆ, ಬಹುಮಾನದ ಹಣವಿದೆ, ಮೈದಾನದ ಅಂಚಿನಲ್ಲಿ ಕುಳಿತ ಆಯ್ಕೆದಾರರ ಕಣ್ಣಿದೆ. ಹದಿನಾರು ವರ್ಷದ ಹುಡುಗ ಇಷ್ಟೆಲ್ಲದರ ಎದುರು 'ನನಗಾಗುವುದಿಲ್ಲ' ಎಂದು ಹೇಳಲಿ ಎಂದು ನಿರೀಕ್ಷಿಸುವುದೇ ಅನ್ಯಾಯ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕುಸ್ತಿ, ಕಬಡ್ಡಿ, ಸೈಕ್ಲಿಂಗ್ ಮೂರೂ ಬೇರು ಬಿಟ್ಟಿವೆ. ಕುಸ್ತಿಗೆ ಹೆಸರಾದ ಬೆಳಗಾವಿಯ ಆನಂದವಾಡಿ ಅಖಾಡವಿದೆ, ಮುಧೋಳ ಸೀಮೆಯ ಗರಡಿಗಳಿವೆ, ವಿಜಯಪುರ ಮತ್ತು ಜಮಖಂಡಿ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳಿದ್ದಾರೆ. ಕಬಡ್ಡಿ ಆಡದ ಊರನ್ನು ಹುಡುಕಬೇಕು. ಮೂರೂ ಆಟಗಳಲ್ಲಿ ತಲೆಗೆ ಪೆಟ್ಟು ಬೀಳುವ ಸಂಭವ ಸಾಕಷ್ಟಿದೆ. ಆದರೆ ಪೆಟ್ಟು ಬಿದ್ದ ಮೇಲೆ ಏನು ಮಾಡಬೇಕು ಎಂಬುದನ್ನು ಇಂದಿಗೂ ಆಟಗಾರನ ಗಂಡೆದೆಗೆ ಬಿಟ್ಟಿದ್ದೇವೆ. ಅದನ್ನು ಅವನ ಕೈಯಿಂದ ತೆಗೆದು ನಿಯಮದ ಕೈಗೆ ಕೊಡಬೇಕು. ಮತ್ತು ಆ ನಿಯಮವನ್ನು ಪಾಲಿಸಿದ್ದಕ್ಕಾಗಿ ಆಟಗಾರನೂ ತಂಡವೂ ನಷ್ಟ ಅನುಭವಿಸದಂತೆ ಅದನ್ನು ರೂಪಿಸಬೇಕು. ಈ ಎರಡನೆಯ ಮಾತೇ ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ.

ಮೊದಲು ಗಾಯದ ಸ್ವರೂಪ ತಿಳಿಯಬೇಕು. ಪೆಟ್ಟಿನ ರಭಸಕ್ಕೆ ಮಿದುಳಿನ ಕೆಲಸ ಏರುಪೇರಾಗುವುದನ್ನು ವೈದ್ಯರು ಕನ್ಕಷನ್ ಎನ್ನುತ್ತಾರೆ. ಮಿದುಳು ಸುಮಾರು 1.4 ಕಿಲೋ ತೂಕದ, ಬಹಳ ಮೆತ್ತನೆಯ ಅಂಗ. ತಲೆಬುರುಡೆಯೊಳಗೆ ತೆಳುವಾದ ದ್ರವದ ಹೊದಿಕೆಯಲ್ಲಿ ತೇಲುತ್ತಿರುತ್ತದೆ. ಮೊಸರು ತುಂಬಿದ ಗಡಿಗೆಯನ್ನು ಥಟ್ಟನೆ ತಿರುಗಿಸಿ ನಿಲ್ಲಿಸಿ ನೋಡಿ: ಗಡಿಗೆ ನಿಂತರೂ ಒಳಗಿನ ಮೊಸರು ನಿಲ್ಲುವುದಿಲ್ಲ, ಪದರ ಪದರವಾಗಿ ಜಗ್ಗಿ ಬಿರಿಯುತ್ತದೆ. ತಲೆ ರಭಸದಿಂದ ತಿರುಗಿದಾಗ ಮಿದುಳಿನಲ್ಲೂ ಇಂಥ ಜಗ್ಗಾಟ ಆಗುತ್ತದೆ. ನೇರವಾದ ಗುದ್ದಿಗಿಂತ ತಲೆಯನ್ನು ತಿರುಚುವ ಹೊಡೆತ ಹೆಚ್ಚು ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ. ತಲೆಗೆ ಏನೂ ತಾಗದಿದ್ದರೂ, ಕಬಡ್ಡಿಯಲ್ಲಿ ಮೈಯಿಂದ ಗುದ್ದಿ ಹೊರದಬ್ಬುವ, ಎದೆಗೆ ಬಿದ್ದ ಡ್ಯಾಶ್‌ನಿಂದ ಕುತ್ತಿಗೆ ಚಾವಟಿಯೇಟು ತಿಂದಂತಾಗಿ ಕನ್ಕಷನ್ ಆಗಬಹುದು.

ಜಗ್ಗಿದ ನರಕೋಶಗಳ ಹೊರಪೊರೆಯಲ್ಲಿ ಸೋರಿಕೆ ಶುರುವಾಗುತ್ತದೆ. ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇದನ್ನು ಸರಿಪಡಿಸಲು ಕೋಶಗಳಿಗೆ ಒಮ್ಮೆಲೇ ಅಪಾರ ಗ್ಲೂಕೋಸ್ ಬೇಕು. ದೇಹದ ತೂಕದಲ್ಲಿ ಶೇ 2ರಷ್ಟೇ ಇರುವ ಮಿದುಳು ಮಾಮೂಲಿ ದಿನಗಳಲ್ಲೇ ದೇಹದ ಶೇ 20ರಷ್ಟು ಶಕ್ತಿಯನ್ನು ಬಳಸುತ್ತದೆ. ಪೆಟ್ಟಿನ ನಂತರ ಬೇಡಿಕೆ ಏರುತ್ತದೆ, ಅದೇ ಹೊತ್ತಿಗೆ ರಕ್ತದ ಹರಿವು ಇಳಿಯುತ್ತದೆ. ಈ ಅಭಾವ ಗಂಟೆಗಳಲ್ಲಿ ಮುಗಿಯುವುದಿಲ್ಲ, ದಿನಗಟ್ಟಲೆ ಇರುತ್ತದೆ. ಆ ಅವಧಿಯಲ್ಲಿ ಎರಡನೇ ಪೆಟ್ಟು ಬಿದ್ದರೆ ತಾಳಿಕೊಳ್ಳುವ ಶಕ್ತಿ ಮಿದುಳಿಗೆ ಇರುವುದಿಲ್ಲ. ಅಪರೂಪಕ್ಕೆ, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ, ಮೊದಲ ಗಾಯ ಮಾಯುವ ಮುನ್ನ ಬಿದ್ದ ಸಣ್ಣದೊಂದು ಎರಡನೇ ಪೆಟ್ಟಿನಿಂದಲೇ ಮಿದುಳು ದಿಢೀರನೆ ಊದಿಕೊಂಡು ಪ್ರಾಣ ಹೋಗಿದ್ದುಂಟು.

ಇದು ರಾಸಾಯನಿಕ ಮಟ್ಟದ ಏರುಪೇರಾದ್ದರಿಂದ ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಸಿಟಿ ತೋರಿಸುವುದು ರಕ್ತಸ್ರಾವವನ್ನು, ಮೂಳೆ ಮುರಿತವನ್ನು. 'ಸ್ಕ್ಯಾನ್ ನಾರ್ಮಲ್ ಬಂದಿದೆ, ಏನೂ ಆಗಿಲ್ಲ' ಎಂಬ ಮಾತನ್ನು ನಮ್ಮ ಆಸ್ಪತ್ರೆಗಳ ಕಾರಿಡಾರಿನಲ್ಲಿ ಎಷ್ಟು ಸಲ ಕೇಳಿದ್ದೇವೆ! ನಾರ್ಮಲ್ ಎಂದರೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವಂಥದ್ದು ಸದ್ಯಕ್ಕೆ ಕಂಡಿಲ್ಲ ಎಂದಷ್ಟೇ ಅರ್ಥ. ನಾಳೆ ಆಟಕ್ಕೆ ಇಳಿಯಬಹುದೆಂಬ ಪರವಾನಗಿ ಅದರಲ್ಲಿಲ್ಲ. ಇನ್ನೊಂದು ತಪ್ಪು ಅಳತೆಗೋಲು ಪ್ರಜ್ಞೆಯದು. ಕನ್ಕಷನ್ ಆದ ಕ್ರೀಡಾಪಟುಗಳಲ್ಲಿ ಪ್ರಜ್ಞೆ ತಪ್ಪುವವರು ಹತ್ತರಲ್ಲಿ ಒಬ್ಬರೂ ಇರುವುದಿಲ್ಲ. ಉಳಿದವರು ಎದ್ದು ನಿಲ್ಲುತ್ತಾರೆ, ಮಾತನಾಡುತ್ತಾರೆ, ಆಡಿಯೂ ಆಡುತ್ತಾರೆ. ಎಚ್ಚರ ತಪ್ಪಿದ್ದನೇ ಎಂದು ಕೇಳಿ, ಇಲ್ಲ ಎಂದ ಕೂಡಲೇ ನಿರಾಳರಾಗುವ ನಮ್ಮ ಪದ್ಧತಿ ಈ ಬಹುಪಾಲು ಮಂದಿಯನ್ನು ಕೈಬಿಡುತ್ತದೆ.

ಕಬಡ್ಡಿಯಲ್ಲಿ ಇದು ಹೇಗೆ ಆಗುತ್ತದೆಂಬುದನ್ನು ಹತ್ತಿರದಿಂದ ನೋಡಿದವರಿಗೆ ಆ್ಯಂಕಲ್ ಹೋಲ್ಡ್ ನೆನಪಾಗುತ್ತದೆ. ಮೂಲೆಯ ಆಟಗಾರ ರೇಡರ್‌ನ ಪಾದದ ಗಂಟಿಗೆ ಮುಂದಕ್ಕೆ ಹಾರುತ್ತಾನೆ. ಆಗ ಅವನ ತಲೆ ನೆಲದಿಂದ ಒಂದು ಮೊಳ ಎತ್ತರದಲ್ಲಿರುತ್ತದೆ, ಸರಿಯಾಗಿ ರೇಡರ್‌ನ ಮೊಣಕಾಲಿನ ದಾರಿಯಲ್ಲಿ. ರೇಡರ್ ಕಾಲು ಕಿತ್ತುಕೊಳ್ಳಲು ಜಾಡಿಸಿದಾಗ ಮೊಣಕಾಲು ಕ್ಯಾಚರ್‌ನ ಕಪಾಲಕ್ಕೋ ಕಿವಿಯ ಮೇಲ್ಭಾಗಕ್ಕೋ ಬಡಿಯುತ್ತದೆ. ಹಿಡಿತ ಸಿಕ್ಕರೆ ಅಂಕ, ಜಯಘೋಷ. ಬಡಿತ ಯಾರ ಕಣ್ಣಿಗೂ ಬೀಳುವುದಿಲ್ಲ, ಅದು ಆಟದ ಭಾಗ. ಇತ್ತ ರೇಡರ್ ಎರಡೂ ಕಾಲಿನ ಆಸರೆ ಕಳೆದುಕೊಂಡು ಹಿಂದಕ್ಕೆ ಬಿದ್ದರೆ ಕೈ ಊರಲು ಸಮಯವಿರದೆ ತಲೆಯ ಹಿಂಭಾಗ ನೆಲಕ್ಕೆ ಅಪ್ಪಳಿಸುತ್ತದೆ. ಅವನ ಮೇಲೆ ನಾಲ್ಕೈದು ಮಂದಿಯ ಭಾರವೂ ಇರುತ್ತದೆ.

ನೆಲದ ಮಾತು ಬಂದಾಗ ನಮ್ಮ ಎರೆಭೂಮಿಯನ್ನು ಮರೆಯುವಂತಿಲ್ಲ. ಟಿವಿಯಲ್ಲಿ ಕಾಣುವ ಕಬಡ್ಡಿ ಮ್ಯಾಟ್ ಮೇಲೆ ನಡೆಯುತ್ತದೆ. ವಿಜಯಪುರ, ಬಾಗಲಕೋಟೆಯ ಬಹಳಷ್ಟು ಊರುಗಳಲ್ಲಿ ಅದು ನಡೆಯುವುದು ಬೇಸಿಗೆಯ ಜಾತ್ರೆಗಳಲ್ಲಿ, ಬರಿ ನೆಲದಲ್ಲಿ. ಮಳೆಗಾಲದಲ್ಲಿ ಕಾಲಿಗೆ ಅಂಟುವ ಇದೇ ಕಪ್ಪು ಮಣ್ಣು ಏಪ್ರಿಲ್ ಹೊತ್ತಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಅದರ ಮೇಲೆ ಸುಣ್ಣದ ಗೆರೆ ಎಳೆದು ಅಂಗಣ ಎನ್ನುತ್ತೇವೆ. ಕುಸ್ತಿಯವರು ಈ ವಿಷಯದಲ್ಲಿ ಎಷ್ಟೋ ವಿವೇಕಿಗಳು. ಅಖಾಡದ ಕೆಂಪು ಮಣ್ಣನ್ನು ಅಗೆದು, ಜರಡಿ ಹಿಡಿದು, ಮಜ್ಜಿಗೆ, ಅರಿಸಿನ, ನಿಂಬೆರಸ, ಎಣ್ಣೆ ಬೆರೆಸಿ ಹದ ಮಾಡಿದ ಮೇಲೆಯೇ ಪೈಲ್ವಾನನನ್ನು ಇಳಿಸುತ್ತಾರೆ. ಕಬಡ್ಡಿಯ ಅಂಗಣವನ್ನೂ ಹಿಂದಿನ ದಿನ ನೀರು ಹಾಕಿ, ಸಡಿಲಿಸಿ, ಕಲ್ಲು ಆರಿಸಿ, ಮೇಲೆ ಮರಳು ಮಣ್ಣು ಹರಡಲು ಒಂದು ಟ್ರ್ಯಾಕ್ಟರ್ ಮತ್ತು ನಾಲ್ಕು ಆಳು ಸಾಕು. ಧ್ವನಿವರ್ಧಕಕ್ಕೂ ಹಾರ ತುರಾಯಿಗೂ ಮಾಡುವ ಖರ್ಚಿನಲ್ಲಿ ಇದು ಸಣ್ಣ ಪಾಲು.

ಈಗ ನಿಯಮದ ಪ್ರಶ್ನೆಗೆ ಬರೋಣ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಆ್ಯಷಸ್ ಟೆಸ್ಟ್ ಇದಕ್ಕೆ ಅತ್ಯುತ್ತಮ ಪಾಠ. 80 ರನ್ ಗಳಿಸಿದ್ದ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಇಂಗ್ಲೆಂಡಿನ ಜೋಫ್ರಾ ಆರ್ಚರ್ ಎಸೆದ ಚೆಂಡು ಬಡಿಯಿತು. ನೆಲಕ್ಕೆ ಬಿದ್ದ ಸ್ಮಿತ್ ಅವರನ್ನು ಹೊರಗೆ ಕರೆದೊಯ್ದು ವೈದ್ಯರು ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಪಾಸಾದ ಅವರು ಮತ್ತೆ ಬ್ಯಾಟಿಂಗ್‌ಗೆ ಬಂದು 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ಎದ್ದಾಗ ತಲೆನೋವು, ಮಂಕು. ಆಗ ಕನ್ಕಷನ್ ಎಂದು ತಿಳಿಯಿತು. ಅವರ ಜಾಗಕ್ಕೆ ಮಾರ್ನಸ್ ಲಾಬುಶೇನ್ ಬಂದರು. ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್ಕಷನ್ ಬದಲಿ ಆಟಗಾರ ಅವರೇ, ಎರಡನೇ ಇನಿಂಗ್ಸ್‌ನಲ್ಲಿ 59 ರನ್ ಗಳಿಸಿದರು. ಸ್ಮಿತ್ ಮುಂದಿನ ಟೆಸ್ಟ್ ತಪ್ಪಿಸಿಕೊಂಡರು. ಅದರಾಚೆಯ ಟೆಸ್ಟ್‌ಗೆ ಮರಳಿ 211 ರನ್ ಹೊಡೆದರು.

ಇಲ್ಲಿ ಎರಡು ವಿಷಯಗಳಿವೆ. ಜಗತ್ತಿನ ಅತ್ಯಂತ ಸಜ್ಜಾದ ಮೈದಾನದಲ್ಲಿ, ನುರಿತ ವೈದ್ಯರೆದುರಲ್ಲೇ ಕನ್ಕಷನ್ ಆರಂಭದಲ್ಲಿ ಮರೆಯಾಗಿ ಉಳಿಯಿತು. ಲಕ್ಷಣಗಳು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುತ್ತವೆ. ಹೀಗಿರುವಾಗ ಗ್ರಾಮದ ಅಂಗಣದಲ್ಲಿ ಎರಡು ನಿಮಿಷ ನೋಡಿ ತೀರ್ಮಾನಿಸುವುದು ಹೇಗೆ? ಅನುಮಾನ ಬಂದರೆ ಆ ದಿನಕ್ಕೆ ಆಟ ಮುಗಿಯಿತು ಎನ್ನುವುದೊಂದೇ ದಾರಿ. ಇನ್ನೊಂದು, ಬದಲಿ ಆಟಗಾರನ ನಿಯಮ ಬಂದದ್ದು ಆ ಟೆಸ್ಟ್‌ಗೆ ಕೆಲವೇ ದಿನಗಳ ಹಿಂದೆ, 2019ರ ಆಗಸ್ಟ್ 1ರಂದು. ಅದಕ್ಕೂ ಮೊದಲಾಗಿದ್ದರೆ ಆಸ್ಟ್ರೇಲಿಯಾ ಒಬ್ಬ ಬ್ಯಾಟ್ಸ್‌ಮನ್‌ನನ್ನು ಕಳೆದುಕೊಂಡು ಆಡಬೇಕಿತ್ತು. ಆ ಒತ್ತಡದಲ್ಲಿ ಸ್ಮಿತ್ 'ನನಗೇನೂ ಆಗಿಲ್ಲ' ಎನ್ನುತ್ತಿದ್ದರೋ ಏನೋ. ನಿಯಮವು ಸತ್ಯ ಹೇಳುವುದನ್ನು ಸುಲಭಗೊಳಿಸಿತು.

ಇದನ್ನು ದುರುಪಯೋಗ ಮಾಡಿಕೊಳ್ಳುವವರಿದ್ದಾರೆ ಎಂಬ ಆಕ್ಷೇಪ ಇದ್ದೇ ಇದೆ. 2025ರ ಜನವರಿಯಲ್ಲಿ ಪುಣೆಯ ಟಿ20 ಪಂದ್ಯದಲ್ಲಿ ಮುಖ್ಯವಾಗಿ ಬ್ಯಾಟಿಂಗ್‌ಗೆ ಹೆಸರಾದ ಶಿವಂ ದುಬೆ ಅವರ ಬದಲಿಗೆ ವೇಗಿ ಹರ್ಷಿತ್ ರಾಣಾ ಇಳಿದಾಗ ದೊಡ್ಡ ಗದ್ದಲವಾಯಿತು. ಗದ್ದಲ ನ್ಯಾಯವಾದದ್ದೇ. ಆದರೆ ದುರುಪಯೋಗದ ಭಯಕ್ಕೆ ನಿಯಮವನ್ನೇ ಬಿಡುವುದಾದರೆ ಬೆಲೆ ತೆರುವವನು ನಿಜವಾಗಿ ಪೆಟ್ಟು ತಿಂದ ಹುಡುಗ.

ನಮ್ಮ ಮೂರು ಆಟಗಳಿಗೆ ಈ ತತ್ವವನ್ನು ಹಚ್ಚಿ ನೋಡಿದರೆ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಕಬಡ್ಡಿಗೆ ನೆಪವೇ ಇಲ್ಲ. ಏಳು ಮಂದಿ ಅಂಗಣದಲ್ಲಿ, ಐವರು ಬದಲಿ ಆಟಗಾರರು ಹೊರಗೆ; ನಿಯಮದಲ್ಲೇ ಅವಕಾಶವಿದೆ. ತೊಂದರೆಯಿರುವುದು ಆಚರಣೆಯಲ್ಲಿ. ಹಳ್ಳಿಯ ತಂಡಗಳು ಜೀಪಿನಲ್ಲಿ ಹಿಡಿದಷ್ಟು ಜನ ಬರುತ್ತವೆ, ಎಂಟು ಮಂದಿ ಇದ್ದರೆ ಹೆಚ್ಚು. ಇರುವ ಒಬ್ಬ ಒಳ್ಳೆಯ ರೇಡರ್‌ಗೆ ಪೆಟ್ಟಾದರೆ ಅವನೇ ಮತ್ತೆ ಇಳಿಯಬೇಕು. ಶಾಲಾ ಕ್ರೀಡಾಕೂಟಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ತಾಲ್ಲೂಕು ಮಟ್ಟದ ಪಂದ್ಯಗಳನ್ನು ಒಂದೇ ದಿನದಲ್ಲಿ ಮುಗಿಸಬೇಕು, ಗೆದ್ದ ತಂಡ ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರು ನಾಲ್ಕು ಸಲ ಅಂಗಣಕ್ಕಿಳಿಯುತ್ತದೆ. ಹನ್ನೊಂದು ಗಂಟೆಗೆ ಮೊಣಕಾಲಿನ ಏಟು ತಿಂದ ಹುಡುಗ ಮೂರು ಗಂಟೆಗೆ ಸೆಮಿಫೈನಲ್ ಆಡುತ್ತಾನೆ. ಎರಡನೇ ಪೆಟ್ಟಿನ ಅಪಾಯ ಇಲ್ಲಿ ವೇಳಾಪಟ್ಟಿಯಲ್ಲೇ ಅಡಗಿದೆ.

ಕುಸ್ತಿಯಲ್ಲಿ ಬದಲಿ ಎಂಬುದೇ ಇಲ್ಲ. ಇಬ್ಬರೇ ಮಲ್ಲರು, ಒಬ್ಬ ನಿಂತರೆ ಆಟ ನಿಂತಿತು. ಜಾತ್ರೆಯ ಜಂಗಿ ಕುಸ್ತಿಯಲ್ಲಿ ಚಿತ್ ಆಗುವತನಕ ಹಿಡಿತ ಬಿಡುವಂತಿಲ್ಲ, ಸೋತವನ ಇನಾಮು ಕೈತಪ್ಪುತ್ತದೆ. ಹಣೆಗೆ ಹಣೆ ಕೊಟ್ಟು ಜಗ್ಗಾಡುವಾಗ ಬೀಳುವ ಡಿಕ್ಕಿ, ಎತ್ತಿ ಒಗೆದಾಗ ತಲೆ ಮೊದಲು ನೆಲ ಮುಟ್ಟುವ ಕ್ಷಣ, ಇವೆರಡೂ ಪಂಚರ ಕಣ್ಣಿಗೆ ಬೀಳದೇ ಇರುವುದಿಲ್ಲ. ಹೊರದೇಶಗಳ ಮ್ಯಾಟ್ ಕುಸ್ತಿಯಲ್ಲಿ ವೈದ್ಯರಿಗೆ ಪಂದ್ಯ ನಿಲ್ಲಿಸುವ ಅಧಿಕಾರವಿದೆ. ನಮ್ಮ ಅಖಾಡದಲ್ಲಿ ಆ ಅಧಿಕಾರ ಪಂಚರಿಗೆ ಈಗಾಗಲೇ ಇದೆ. ತಾಸುಗಟ್ಟಲೆ ತೀರ್ಮಾನವಾಗದ ಕುಸ್ತಿಯನ್ನು ಅವರು ಬರಾಬರಿ ಎಂದು ಘೋಷಿಸಿ ಇನಾಮನ್ನು ಇಬ್ಬರಿಗೂ ಹಂಚುತ್ತಾರೆ. ತಲೆಗೆ ಪೆಟ್ಟಾದ ಕುಸ್ತಿಯನ್ನೂ ಹಾಗೆಯೇ ನಿಲ್ಲಿಸಬಹುದು. ಸೋಲಿನ ಕಳಂಕವಿಲ್ಲ, ದುಡ್ಡಿನ ನಷ್ಟ ಅರ್ಧ. ಪರಂಪರೆಯ ಒಳಗೇ ಇರುವ ಈ ದಾರಿಯನ್ನು ಗರಡಿಯ ಗುರುಗಳಾದ ವಸ್ತಾದರು ಒಪ್ಪಿದರೆ ಯಾವ ಫೆಡರೇಷನ್ನಿನ ಆದೇಶಕ್ಕೂ ಕಾಯಬೇಕಾಗಿಲ್ಲ. ಪೈಲ್ವಾನನ ಮಡಚಿ ಮುದುಡಿದ ಕಿವಿಯನ್ನು ನಾವು ಗೌರವದಿಂದ ನೋಡುತ್ತೇವೆ, ಅದು ದುಡಿಮೆಯ ಗುರುತು. ಮಿದುಳಿನ ಗಾಯಕ್ಕೆ ಅಂಥ ಗುರುತಿಲ್ಲ. ಹತ್ತು ವರ್ಷ ಅಖಾಡದಲ್ಲಿ ಕಳೆದವನಿಗೆ ಎಷ್ಟು ಸಲ ಕಣ್ಣಿಗೆ ಕತ್ತಲೆ ಕವಿದಿತ್ತು ಎಂಬ ಲೆಕ್ಕ ಅವನ ಬಳಿಯೂ ಇರುವುದಿಲ್ಲ.

ಸೈಕ್ಲಿಂಗ್ ಎಲ್ಲಕ್ಕಿಂತ ಕಠಿಣ. ಇಲ್ಲಿ ಟೈಮ್‌ಔಟ್ ಇಲ್ಲ, ಬದಲಿಯಿಲ್ಲ, ಬಿದ್ದವನು ಪರೀಕ್ಷೆಗೆ ನಿಂತರೆ ಗುಂಪು ಎರಡು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ವೃತ್ತಿಪರ ಸೈಕ್ಲಿಂಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದೇ ಒಂದು ಸಾವಿನ ನಂತರ: 2003ರ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಕಜಕಸ್ತಾನದ ಆಂಡ್ರೇ ಕಿವಿಲೆವ್ ಬರಿತಲೆಯಲ್ಲಿ ಬಿದ್ದು ಮರುದಿನ ತೀರಿಕೊಂಡರು. ಹೆಲ್ಮೆಟ್ ತಲೆಬುರುಡೆ ಒಡೆಯುವುದನ್ನು ಚೆನ್ನಾಗಿ ತಡೆಯುತ್ತದೆ, ಆದ್ದರಿಂದ ಅದು ಬೇಕೇ ಬೇಕು. ಒಳಗಿನ ಮಿದುಳಿನ ತಿರುಚಾಟವನ್ನು ಅದು ಅಷ್ಟಾಗಿ ತಡೆಯಲಾರದು. ಹೆಲ್ಮೆಟ್ ಬಿರುಕು ಬಿಟ್ಟು ಸವಾರ ಏನೂ ಆಗದವನಂತೆ ಎದ್ದರೆ ನಾವು ಹೆಲ್ಮೆಟ್‌ಗೆ ಕೈಮುಗಿದು ಅವನನ್ನು ಮತ್ತೆ ಹತ್ತಿಸುತ್ತೇವೆ. ಅಷ್ಟು ಜೋರಿನ ಹೊಡೆತ ತಲೆಗೆ ಬಿದ್ದಿದೆ ಎಂಬುದಕ್ಕೆ ಆ ಬಿರುಕೇ ಸಾಕ್ಷಿಯಲ್ಲವೇ? ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರ ಕೊನೆಯಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಒಂದು ವಿವೇಕದ ಅಂಶವಿದೆ. ಬಿದ್ದವನ ಬಳಿ ಮೊದಲು ತಲುಪುವವರು ವೈದ್ಯರಲ್ಲ, ಜೊತೆಯ ಸವಾರರು, ಮೆಕ್ಯಾನಿಕ್‌ಗಳು, ತಂಡದ ಮೇಲ್ವಿಚಾರಕರು. ಆದ್ದರಿಂದ ಲಕ್ಷಣ ಗುರುತಿಸುವುದನ್ನು ಅವರಿಗೂ ಕಲಿಸಬೇಕು ಎಂದು ಅದು ಹೇಳುತ್ತದೆ. ನಸುಕಿನಲ್ಲಿ ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲೇ ಅಭ್ಯಾಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ಇದು ಸರಿಯಾಗಿ ಒಪ್ಪುತ್ತದೆ. ಅವರ ಜೊತೆ ಇರುವುದು ಅವರವರೇ.

ಹಾಗಾದರೆ ಗುರುತಿಸುವುದು ಹೇಗೆ? ನೋಡುವವರಿಗೆ ಕಾಣುವಂಥವು ಕೆಲವು: ಬಿದ್ದವನು ತಡವಾಗಿ ಏಳುವುದು, ಎದ್ದವನು ತೂರಾಡುವುದು, ದೃಷ್ಟಿ ಎಲ್ಲೋ ನೆಟ್ಟಿರುವುದು, ತಲೆ ಹಿಡಿದುಕೊಳ್ಳುವುದು, ಎದುರಾಳಿಯ ಅಂಗಣದ ಕಡೆ ಹೋಗಿ ನಿಲ್ಲುವುದು. ಆಟಗಾರನಿಗಷ್ಟೇ ಗೊತ್ತಾಗುವಂಥವು ಬೇರೆ: ತಲೆನೋವು, ಚಕ್ಕರ್, ವಾಕರಿಕೆ, ಬೆಳಕು ಮತ್ತು ಸದ್ದು ಚುಚ್ಚುವುದು, ಎಲ್ಲವೂ ಮಂಜಿನೊಳಗೆ ನಡೆದಂತೆ ಅನ್ನಿಸುವುದು. ಆಮೇಲೆ ಮನೆಯವರ ಗಮನಕ್ಕೆ ಬರುವುದು ಸಿಡುಕು, ಅಳು, ನಿದ್ದೆಯ ಏರುಪೇರು. 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಮ್ಯಾಡಕ್ಸ್ ಎಂಬ ಸಂಶೋಧಕರು ಮೈದಾನದಲ್ಲೇ ಕೇಳಬಹುದಾದ ಪ್ರಶ್ನೆಗಳನ್ನು ರೂಪಿಸಿದರು, ಅವು ಇಂದಿಗೂ ಬಳಕೆಯಲ್ಲಿವೆ. ನಮ್ಮ ಕಬಡ್ಡಿಗೆ ಹೊಂದಿಸಿದರೆ ಹೀಗೆ ಕೇಳಬಹುದು: ಈಗ ನಾವು ಯಾವ ಊರಲ್ಲಿದ್ದೇವೆ? ಇದು ಮೊದಲ ಅರ್ಧವೋ ಎರಡನೆಯದೋ? ಕೊನೆಯ ಅಂಕ ತಂದವರು ಯಾರು? ಹಿಂದಿನ ಪಂದ್ಯ ಯಾವ ತಂಡದ ಜೊತೆ ಆಡಿದಿರಿ? ಗೆದ್ದಿರಾ? 'ನಿನ್ನ ಹೆಸರೇನು' ಎಂಬ ಪ್ರಶ್ನೆಗೆ ಕನ್ಕಷನ್ ಆದವನೂ ಸರಿಯಾಗಿ ಉತ್ತರಿಸುತ್ತಾನೆ. ಒಂದು ಉತ್ತರ ತಪ್ಪಿದರೂ ಆಟಗಾರ ಹೊರಗೆ. ಎಲ್ಲವೂ ಸರಿಯಾಗಿದ್ದು ಬೇರೆ ಲಕ್ಷಣ ಒಂದಿದ್ದರೂ ಹೊರಗೇ.

ಕೆಲವು ಚಿಹ್ನೆಗಳು ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ, 108ಕ್ಕೆ ಕರೆ ಮಾಡಬೇಕು. ಪದೇಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಕೈಕಾಲಿನಲ್ಲಿ ಶಕ್ತಿಯಿಲ್ಲದಿರುವುದು ಅಥವಾ ಜೋಮು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಮಂಪರು ಗಾಢವಾಗುತ್ತಾ ಹೋಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು ಇಳಿಯುವುದು, ಕುತ್ತಿಗೆಯ ತೀವ್ರ ನೋವು. ಕುತ್ತಿಗೆ ನೋಯುತ್ತಿದೆ ಎಂದವನನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕುತ್ತಿಗೆ ನೀವುವುದು ಅತ್ಯಂತ ಅಪಾಯದ ಕೆಲಸ, ಬೆನ್ನುಹುರಿಗೆ ಹಾನಿಯಾಗಬಹುದು. ಇನ್ನೊಂದು ಮೋಸವಿದೆ. ತಲೆಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ರಕ್ತ ಸೋರುವಾಗ ಕೆಲವರು ಮೊದಲು ಪೂರ್ತಿ ಚೇತರಿಸಿಕೊಂಡಂತೆ ಕಾಣುತ್ತಾರೆ, ಊಟ ಮಾಡುತ್ತಾರೆ, ನಗುತ್ತಾರೆ, ಗಂಟೆಗಳ ನಂತರ ಕುಸಿಯುತ್ತಾರೆ. ಆದ್ದರಿಂದ ಪೆಟ್ಟಾದವನನ್ನು ಆ ರಾತ್ರಿ ಒಬ್ಬನೇ ಇರಲು ಬಿಡಬಾರದು, ಬೈಕ್ ಕೊಟ್ಟು ಊರಿಗೆ ಕಳುಹಿಸಬಾರದು. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ನೋವಿನ ಮಾತ್ರೆ, ಮದ್ಯ ಎರಡೂ ಕೂಡದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಜಾತ್ರಾ ಸಮಿತಿಯವರು ಅಲ್ಲಿಗೆ ಎಷ್ಟು ಹೊತ್ತಿನ ದಾರಿ, ವಾಹನ ಯಾರದು ಎಂಬುದನ್ನು ಪಂದ್ಯಕ್ಕೆ ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಚೇತರಿಕೆಯ ಬಗ್ಗೆ ವೈದ್ಯಲೋಕದ ತಿಳಿವಳಿಕೆ ಈಚೆಗೆ ಬದಲಾಗಿದೆ. ಹಿಂದೆಲ್ಲ ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು. 2022ರಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರು ಮರುವರ್ಷ ಪ್ರಕಟಿಸಿದ ಒಮ್ಮತದ ಹೇಳಿಕೆ ಬೇರೆಯದನ್ನು ಹೇಳುತ್ತದೆ: ಮೊದಲ 24ರಿಂದ 48 ಗಂಟೆ ಸಾಧಾರಣ ವಿಶ್ರಾಂತಿ, ಮೊಬೈಲ್ ಮತ್ತು ಟಿವಿ ಆದಷ್ಟು ಕಡಿಮೆ, ಮನೆಯೊಳಗಿನ ಓಡಾಟ ಮತ್ತು ನಡಿಗೆಗೆ ಅಡ್ಡಿಯಿಲ್ಲ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಆರು ಹಂತ, ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ. ಗರಡಿಯ ಭಾಷೆಯಲ್ಲಿ ಹೇಳುವುದಾದರೆ ಮೊದಲು ನಡಿಗೆ, ಮುಂದೆ ಹಗುರ ಓಟ, ಬೈಠಕ್, ಆಮೇಲೆ ಒಬ್ಬನೇ ಮಾಡುವ ಸಾಮು, ಅದರ ನಂತರ ಎತ್ತಿ ಒಗೆಯದೆ ಬರೀ ಪಟ್ಟುಗಳ ಅಭ್ಯಾಸ, ವೈದ್ಯರು ಒಪ್ಪಿದ ಮೇಲೆ ಜೋಡಿ ಕುಸ್ತಿ, ಕಡೆಗೆ ಅಖಾಡ. ಯಾವ ಹಂತದಲ್ಲಾದರೂ ತಲೆನೋವು, ಚಕ್ಕರ್ ಹೆಚ್ಚಿದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ದೊಡ್ಡವರು ಬಹುಪಾಲು ಎರಡು ವಾರಗಳಲ್ಲಿ, ಮಕ್ಕಳು ನಾಲ್ಕು ವಾರಗಳಲ್ಲಿ ಸುಧಾರಿಸುತ್ತಾರೆ. ವೈದ್ಯರು ಸುಲಭಕ್ಕೆ ಸಿಗದ ಹಳ್ಳಿಯ ಆಟಕ್ಕೆ ಬ್ರಿಟನ್ 2023ರಲ್ಲಿ ತಂದ ಮಾರ್ಗಸೂಚಿ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ತಲೆಗೆ ಪೆಟ್ಟಾಗಿ ಅನುಮಾನ ಬಂದವರು 21 ದಿನಗಳವರೆಗೆ ಸ್ಪರ್ಧೆಗೆ ಇಳಿಯುವಂತಿಲ್ಲ ಎನ್ನುತ್ತದೆ ಅದು. ನೆನಪಿಡಲು ಸುಲಭ, ವಾದಕ್ಕೆ ಎಡೆಯಿಲ್ಲ.

ಮಕ್ಕಳ ವಿಷಯದಲ್ಲಿ ಮತ್ತೊಂದು ಮಾತಿದೆ: ಮೊದಲು ತರಗತಿ, ಆಮೇಲೆ ಮೈದಾನ. ಕನ್ಕಷನ್ ಆದ ಹುಡುಗನಿಗೆ ಕಪ್ಪುಹಲಗೆಯ ಅಕ್ಷರ ಕುಣಿಯುತ್ತವೆ, ಎರಡು ಪುಟ ಓದಿದರೆ ತಲೆ ಸಿಡಿಯುತ್ತದೆ, ನಿನ್ನೆ ಕಲಿತ ಸೂತ್ರ ಇಂದು ನೆನಪಿಗೆ ಬಾರದು. ಹೊರಗೆ ಬ್ಯಾಂಡೇಜ್ ಕಾಣದ್ದರಿಂದ ಶಿಕ್ಷಕರು 'ಆಟ ಆಡಿ ಆಡಿ ಓದುವ ಮನಸ್ಸಿಲ್ಲ' ಎನ್ನುತ್ತಾರೆ. ಎಸ್‌ಎಸ್‌ಎಲ್‌ಸಿ ವರ್ಷವಾದರೆ ಮನೆಯಲ್ಲೂ ಅದೇ ಬೈಗುಳ. ದೈಹಿಕ ಶಿಕ್ಷಣ ಶಿಕ್ಷಕರು ತರಗತಿಯ ಶಿಕ್ಷಕರಿಗೆ ಒಂದು ಮಾತು ಹೇಳಿದರೆ ಮಗುವಿನ ಎರಡು ವಾರದ ನರಳಾಟ ತಪ್ಪುತ್ತದೆ. ಹುಡುಗಿಯರ ಮೇಲೆ ಇನ್ನಷ್ಟು ನಿಗಾ ಬೇಕು. ಹುಡುಗ ಹುಡುಗಿಯರಿಬ್ಬರೂ ಒಂದೇ ನಿಯಮದಲ್ಲಿ ಆಡುವ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರಿಗೆ ಕನ್ಕಷನ್ ಹೆಚ್ಚಾಗಿ ಆಗುವುದು ಅಧ್ಯಯನಗಳಲ್ಲಿ ಕಂಡಿದೆ. ಕುತ್ತಿಗೆಯ ಸ್ನಾಯುಬಲ ಅದಕ್ಕೆ ಒಂದು ಕಾರಣವಿರಬಹುದು ಎನ್ನುತ್ತಾರೆ. ಗರಡಿಯಲ್ಲಿ ಹುಡುಗರಿಗೆ ಕೊಡುವ ಕುತ್ತಿಗೆಯ ಸಾಮನ್ನು ಕಬಡ್ಡಿ ಆಡುವ ಹೆಣ್ಣುಮಕ್ಕಳಿಗೂ ಕಲಿಸಲು ಅಡ್ಡಿಯೇನಿದೆ?

ದೂರದ ಪರಿಣಾಮದ ಬಗ್ಗೆ ಹೆದರಿಸುವುದು ನನಗಿಷ್ಟವಿಲ್ಲ, ಮುಚ್ಚಿಡುವುದೂ ಸರಿಯಲ್ಲ. ಮುಷ್ಟಿ ಕಾಳಗದವರು ವಯಸ್ಸಾದ ಮೇಲೆ ತೊದಲುವುದನ್ನೂ ತೂರಾಡುವುದನ್ನೂ ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡ್ 1928ರಲ್ಲೇ ದಾಖಲಿಸಿದ್ದರು. 2002ರಲ್ಲಿ ಬೆನೆಟ್ ಒಮಾಲು ಅವರು ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಸಿಟಿಇ ಎಂಬ, ಮೇಲಿಂದ ಮೇಲೆ ಬಿದ್ದ ಪೆಟ್ಟಿನಿಂದ ಮಿದುಳು ಸವೆಯುತ್ತಾ ಹೋಗುವ ಕಾಯಿಲೆಯನ್ನು ಗುರುತಿಸಿದರು. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಮಿದುಳು ಕ್ಷಯಿಸುವ ಕಾಯಿಲೆಗಳಿಂದ ಸಾಯುವ ಪ್ರಮಾಣ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು 2019ರ ಅಧ್ಯಯನವೊಂದು ತೋರಿಸಿತು. ಇವೆಲ್ಲ ವರ್ಷಗಟ್ಟಲೆ, ಮೇಲಿಂದ ಮೇಲೆ ಪೆಟ್ಟು ತಿಂದವರ ಕಥೆ. ಒಂದು ಸಲ ಕನ್ಕಷನ್ ಆಗಿ, ಸರಿಯಾಗಿ ವಿಶ್ರಮಿಸಿ ಮರಳಿದ ಮಗುವಿನ ಭವಿಷ್ಯಕ್ಕೆ ಇದನ್ನು ಹಚ್ಚುವಂತಿಲ್ಲ. ಅಂಜಿಕೆಯಿಂದ ಮಕ್ಕಳನ್ನು ಆಟ ಬಿಡಿಸುವ ಪಾಲಕರು ಅವರಿಗೆ ಬೇರೊಂದು ನಷ್ಟ ಮಾಡುತ್ತಾರೆ.

ಇಷ್ಟಾದ ಮೇಲೂ ಹುಡುಗ ಸುಳ್ಳು ಹೇಳುತ್ತಾನೆ, ಏಕೆಂದರೆ ಅವನಿಗೆ ಕಳೆದುಕೊಳ್ಳಲು ಬಹಳವಿದೆ. ಕ್ರೀಡಾ ವಸತಿ ನಿಲಯದ ಸೀಟು ಎಂದರೆ ಬಡ ಕುಟುಂಬದ ಮಗುವಿಗೆ ಮೂರು ಹೊತ್ತಿನ ಊಟ, ಓದು, ಬೂಟು, ಮುಂದೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಇಲಾಖೆಯದೋ ರೈಲ್ವೆಯದೋ ನೌಕರಿ. ಆಯ್ಕೆಯ ದಿನ ತಲೆನೋವೆಂದರೆ ವರ್ಷವೇ ಹೋಯಿತು. ಆ ಮಗುವಿಗೆ 'ಲಕ್ಷಣವಿದ್ದರೆ ಹೇಳು' ಎಂದು ಭಿತ್ತಿಪತ್ರ ಅಂಟಿಸಿದರೆ ಏನೂ ಆಗದು. ತಲೆಗೆ ಪೆಟ್ಟಾದವರಿಗೆ ಮೂರು ವಾರಗಳ ನಂತರ ಇನ್ನೊಮ್ಮೆ ಆಯ್ಕೆ ಪರೀಕ್ಷೆ, ವಿಶ್ರಾಂತಿಯಲ್ಲಿದ್ದ ಅವಧಿಯಲ್ಲಿ ಸೀಟು ಭದ್ರ ಎಂಬ ಎರಡು ಸಾಲಿನ ಸುತ್ತೋಲೆ ಹೊರಟರೆ ಮಗು ತಾನಾಗಿ ಬಾಯಿ ಬಿಡುತ್ತದೆ. ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಳಗಾವಿ ವಿಭಾಗಕ್ಕೆ ಹೋಗುವ ಶಾಲಾ ತಂಡಗಳಲ್ಲೂ ಪೆಟ್ಟಾದವನ ಹೆಸರು ಪಟ್ಟಿಯಲ್ಲಿ ಉಳಿಯಬೇಕು, ಪ್ರಮಾಣಪತ್ರ ಅವನಿಗೂ ಸಿಗಬೇಕು, ಅಂಗಣಕ್ಕೆ ಮಾತ್ರ ಇನ್ನೊಬ್ಬ ಇಳಿಯಬೇಕು.

ಜಾತ್ರೆ, ಗಣೇಶೋತ್ಸವ, ಜಯಂತಿಗಳ ಪಂದ್ಯಾವಳಿಗೆ ಸರ್ಕಾರದ ಸುತ್ತೋಲೆ ಮುಟ್ಟುವುದಿಲ್ಲ. ಅಲ್ಲಿ ಕಾನೂನು ಎಂದರೆ ಸಮಿತಿಯವರು ಹೊರಡಿಸುವ ಕರಪತ್ರ. ಪ್ರವೇಶ ಶುಲ್ಕ, ಬಹುಮಾನ, ಊಟದ ವ್ಯವಸ್ಥೆ, ಕೊನೆಯಲ್ಲಿ 'ನಿರ್ಣಾಯಕರ ತೀರ್ಮಾನವೇ ಅಂತಿಮ'. ಅದರ ಮೇಲೆ ಇನ್ನೊಂದು ಸಾಲು ಅಚ್ಚಾಗಲಿ: 'ತಲೆಗೆ ಪೆಟ್ಟು ಬಿದ್ದ ಆಟಗಾರ ಆ ದಿನ ಮತ್ತೆ ಆಡುವಂತಿಲ್ಲ; ಅವನ ಬದಲಿಗೆ ತಂಡವು ಬೇರೊಬ್ಬ ಆಟಗಾರನನ್ನು ಇಳಿಸಬಹುದು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಸರಿ.' ಪಟ್ಟಿಯಲ್ಲಿ ಹೆಸರಿಲ್ಲದವನೂ ಇಳಿಯಬಹುದೆಂದರೆ ಎಂಟೇ ಮಂದಿ ಬಂದ ತಂಡಕ್ಕೂ ನೆಪ ಉಳಿಯುವುದಿಲ್ಲ, ನೋಡಲು ಬಂದ ಊರಿನ ಹುಡುಗನೊಬ್ಬ ಚಡ್ಡಿ ಬಿಗಿದು ಬರುತ್ತಾನೆ. ಪೆಟ್ಟು ಬಿದ್ದಿತೋ ಇಲ್ಲವೋ ಎಂಬ ತೀರ್ಮಾನ ಎರಡೂ ತಂಡಕ್ಕೆ ಸೇರದ ನಿರ್ಣಾಯಕನದು. ತರಬೇತುದಾರ ಹುಡುಗನ ಹತ್ತಿರ ಹೋಗಿ ಕೇಳುವ ಅಗತ್ಯವೇ ಬರುವುದಿಲ್ಲ.